ನಾಳೆ ಕೊಡ್ತೇನೆ ಅನ್ನುವ ಯಜಮಾನ

ಕುಂದಾಪುರ
ಶುಕ್ರವಾರ, ರಾತ್ರಿ

ಪ್ರೀತಿಯ ಪುಟ್ಟಿಗೆ,

ನಿನ್ನ ಕಾಗದ ಓದಿದೆ. ಫೋನಿನಲ್ಲಿ ಬಂದರೂ ನಾನು ಅದನ್ನು ಕಾಗದ ಅಂತಲೇ ಕರೆಯುತ್ತೇನೆ, ಅಷ್ಟುದ್ದ ಬರೆದಿದ್ದೀಯಲ್ಲ. ಅಮ್ಮನ ಮಂಡಿನೋವು, ತಮ್ಮನ ಪರೀಕ್ಷೆ, ತೋಟದ ಬೇಲಿ ಎಲ್ಲ ನಿನ್ನ ಅಮ್ಮ ದಿನಾ ವಿಡಿಯೋದಲ್ಲಿ ಹೇಳುತ್ತಾಳೆ. ನಾನು ಮತ್ತೆ ಬರೆಯುವುದಿಲ್ಲ.

ಕೊನೆಯಲ್ಲಿ ಒಂದು ಸಾಲು ಹಾಕಿದ್ದೀಯ. "ಮಾವ, ನಾಳೆ ನಮ್ಮ ಕೇರ್ ಹೋಮಿನ ಯಜಮಾನರು ನೀನು ಬೇಡ ಅಂದರೆ ನಾನೇನು ಮಾಡಲಿ?" ಅದರ ಬೆನ್ನಿಗೇ ಮಿಡಿ ಉಪ್ಪಿನಕಾಯಿ ಖಾಲಿಯಾಯ್ತು ಅಂತ ಬರೆದಿದ್ದೀಯ. ನಾನು ಉಪ್ಪಿನಕಾಯಿಯವರೆಗೆ ಹೋಗಲೇ ಇಲ್ಲ. ಆ ಸಾಲಿನಲ್ಲೇ ನಿಂತೆ. ರಾತ್ರಿ ಎರಡು ಗಂಟೆಗೆ ಎಚ್ಚರವಾಯಿತು. ನಿನಗೆ ಆಗ ಸಂಜೆ ಐದೂವರೆ. ಆ ಹೊತ್ತಿಗೆ ಆ ಮನೆಯ ಅಜ್ಜಿಯರಿಗೆ ಸೂಪು ಬಡಿಸುತ್ತಿರುತ್ತೀಯ ಅಂದುಕೊಂಡೆ. ಆಮೇಲೆ ನಿದ್ದೆ ಬರಲಿಲ್ಲ.

ಪಕ್ಕದ ಮನೆಯ ಹುಡುಗನನ್ನು ಕರೆದು ಕೆನಡಾದ ಸರ್ಕಾರ ಹಾಕಿರುವ ನಿಯಮಗಳನ್ನು ಓದಿಸಿದೆ. ಅವನು ಕನ್ನಡದಲ್ಲಿ ಹೇಳುತ್ತಾ ಹೋದ, ನಾನು ಹೋಟೆಲಿನ ಹಳೇ ಲೆಕ್ಕದ ಪುಸ್ತಕದ ಖಾಲಿ ಹಾಳೆಗಳಲ್ಲಿ ಬರೆದುಕೊಂಡೆ. ನಿನಗೆ ಗೊತ್ತಿರುವುದನ್ನೇ ನಿನಗೆ ಹೇಳುತ್ತಿದ್ದರೆ ಕ್ಷಮಿಸು. ನನ್ನ ಸಮಾಧಾನಕ್ಕೆ ಬರೆದುಕೊಂಡದ್ದು.

ಕೆನಡಾದಲ್ಲಿ ಕಾಯಂ ನೆಲೆಸಲು ನೀನು ಹಿಡಿದಿರುವ ದಾರಿ, ಅಟ್ಲಾಂಟಿಕ್ ಇಮಿಗ್ರೇಷನ್ ಪ್ರೋಗ್ರಾಂ, 2017ರಲ್ಲಿ ಪ್ರಯೋಗ ಅಂತ ಶುರುವಾಗಿ 2022ರ ಜನವರಿಯಿಂದ ಕಾಯಂ ಆಗಿದೆ. ನಾಲ್ಕು ಪ್ರಾಂತ್ಯಗಳಿಗೆ ಮಾತ್ರ: ನೀನಿರುವ ನ್ಯೂ ಬ್ರನ್ಸ್‌ವಿಕ್, ನೋವಾ ಸ್ಕೋಷಿಯಾ, ಪ್ರಿನ್ಸ್ ಎಡ್ವರ್ಡ್ ಐಲ್ಯಾಂಡ್, ನ್ಯೂಫೌಂಡ್‌ಲ್ಯಾಂಡ್. ಅಲ್ಲಿಯ ಹುಡುಗರು ಒಂಟಾರಿಯೋ, ಆಲ್ಬರ್ಟಾ ಕಡೆ ಹೋಗಿಬಿಡುತ್ತಾರಂತೆ. ಉಳಿಯುವವರು ವಯಸ್ಸಾದವರು. ನಮ್ಮ ಊರಿನ ಕಥೆಯೇ, ಅಲ್ವಾ? ಬೈಂದೂರಿನಿಂದ ಬ್ರಹ್ಮಾವರದವರೆಗೆ ಎಷ್ಟು ಮನೆಗಳಲ್ಲಿ ಇಬ್ಬರು ಮುದುಕರು ಮತ್ತು ಒಂದು ನಾಯಿ ಇವೆ ಅಂತ ಎಣಿಸಿದರೆ ಸಾಕು.

ಈಗ ನಿನ್ನ ಹೆದರಿಕೆಯ ವಿಷಯ. ಅದು ಸುಳ್ಳು ಹೆದರಿಕೆ ಅಂತ ನಾನು ಹೇಳುವುದಿಲ್ಲ. ಈ ದಾರಿಯಲ್ಲಿ ಯಜಮಾನನಿಲ್ಲದೆ ಒಂದು ಹೆಜ್ಜೆಯೂ ಇಲ್ಲ. ಮೊದಲು ಅವನಿಗೇ ಅರ್ಹತೆ ಬೇಕು. ಪ್ರಾಂತ್ಯದವರು ಅವನನ್ನು ಡೆಸಿಗ್ನೇಟೆಡ್ ಅಂತ ಪಟ್ಟಿಗೆ ಸೇರಿಸಿರಬೇಕು. ಎರಡು ವರ್ಷ ಅದೇ ಆಡಳಿತದಲ್ಲಿ ವ್ಯವಹಾರ ನಡೆಸಿರಬೇಕು. ಬೇರೆ ದೇಶದವರ ಜೊತೆ ಹೇಗೆ ನಡೆದುಕೊಳ್ಳಬೇಕು ಅಂತ ಅವನೇ ತರಬೇತಿ ಪಡೆಯಬೇಕಂತೆ. ಅದನ್ನು ಕೇಳಿ ನನಗೆ ನಗು ಬಂತು. ನಮ್ಮ ಕಾಲದಲ್ಲಿ ಅದಿದ್ದಿದ್ದರೆ ಮುಂಬಯಿಯ ಅರ್ಧ ಹೋಟೆಲುಗಳ ಬಾಗಿಲು ಹಾಕಬೇಕಾಗುತ್ತಿತ್ತು. ಇಷ್ಟಾದ ಮೇಲೆ ಅವನು ನಿನಗೆ ಕೆಲಸದ ಪತ್ರ ಕೊಡಬೇಕು, ಪ್ರಾಂತ್ಯಕ್ಕೆ ಎಂಡಾರ್ಸ್‌ಮೆಂಟ್, ಅಂದರೆ ಒಪ್ಪಿಗೆ, ಕೇಳಿ ಬರೆಯಬೇಕು. ಅದು ಬಂದ ಮೇಲಷ್ಟೇ ನೀನು ಪಿಆರ್‌ಗೆ, ಅಂದರೆ ಅಲ್ಲೇ ಕಾಯಂ ಇರುವ ಹಕ್ಕಿಗೆ, ಅರ್ಜಿ ಹಾಕುವುದು. ಮಧ್ಯದಲ್ಲಿ ಆ ಕೆಲಸ ಹೋದರೆ ಹೊಸ ಯಜಮಾನ, ಹೊಸ ಎಂಡಾರ್ಸ್‌ಮೆಂಟ್. ಗೊತ್ತಾಯ್ತು ಪುಟ್ಟಿ. ಆ ಮನುಷ್ಯನ ಮುಖ ಗಂಟಾದ ದಿನ ನಿನಗೆ ಅನ್ನ ಇಳಿಯುವುದಿಲ್ಲ ಅಂದರೆ ನನಗೆ ಆಶ್ಚರ್ಯವಿಲ್ಲ.

ಆದರೆ ನೀನು ಹೆದರುತ್ತಿರುವ ಮಾತು ತಪ್ಪು. ಅವನು "ಬೇಡ" ಅನ್ನುವುದಿಲ್ಲ. ಅವನು "ನಾಳೆ ಕೊಡ್ತೇನೆ" ಅನ್ನುತ್ತಾನೆ. ಇದು ನನಗೆ ಹೇಗೆ ಗೊತ್ತು ಅಂದರೆ, ನಾನೂ ಅಂದಿದ್ದೇನೆ.

ನಾನು 13ನೇ ವಯಸ್ಸಿಗೆ ಮುಂಬಯಿಯ ಕೋಟೆ ಭಾಗದಲ್ಲಿ ಲೋಟ ತೊಳೆದದ್ದು, ರಾತ್ರಿ ಶಾಲೆಗೆ ಹೋದದ್ದು, ಅದೆಲ್ಲ ನೀನು ಚಿಕ್ಕಂದಿನಿಂದ ಕೇಳಿ ಬೇಸತ್ತಿದ್ದೀಯ. ಹುಬ್ಬಳ್ಳಿಯಲ್ಲಿ ಸ್ವಂತ ಹೋಟೆಲ್ ಇಟ್ಟದ್ದೂ ಗೊತ್ತು. ಇದು ಮಾತ್ರ ಗೊತ್ತಿಲ್ಲ. ನಿನ್ನ ಅತ್ತೆಗೂ ಪೂರ್ತಿ ಹೇಳಿಲ್ಲ.

1987. ನನ್ನ ಹತ್ತಿರ ದೋಸೆ ಹಂಚಿನ ಮುಂದೆ ಒಬ್ಬ ಹುಡುಗ ಇದ್ದ, ನಮ್ಮ ಕಡೆಯವನೇ. ಅವನ ದೋಸೆಗೆ ಅಂತಲೇ ಬೆಳಿಗ್ಗೆ ಆರಕ್ಕೆ ಜನ ಬರುತ್ತಿದ್ದರು. ಮಸ್ಕತ್ತಿನ ಒಂದು ಹೋಟೆಲಿಗೆ ಅವನಿಗೆ ಕೆಲಸ ಗೊತ್ತಾಯಿತು. ಮಂಗಳೂರಿನ ಏಜೆಂಟ್ ಒಂದೇ ಒಂದು ಕಾಗದ ಕೇಳಿದ್ದ: ಇಷ್ಟು ವರ್ಷ ಇಲ್ಲಿ ಅಡುಗೆ ಕೆಲಸ ಮಾಡಿದ್ದಾನೆ ಅಂತ ಹೋಟೆಲಿನ ಲೆಟರ್‌ಹೆಡ್ಡಿನಲ್ಲಿ. ಹುಡುಗ ಗಲ್ಲಾಪೆಟ್ಟಿಗೆಯ ಹತ್ತಿರ ಬಂದು ಕೈಕಟ್ಟಿ ನಿಂತು ಕೇಳಿದ. ಲೆಟರ್‌ಹೆಡ್ ಕೆಳಗಿನ ಡ್ರಾಯರಿನಲ್ಲಿತ್ತು. ಪೆನ್ನು ಜೇಬಿನಲ್ಲಿತ್ತು. ನಾನು "ನಾಳೆ ಕೊಡ್ತೇನೆ" ಅಂದೆ.

ಯಾಕೆ ಅಂತ ಈಗ ಹೇಳಬಲ್ಲೆ. ಅವನ ಮೇಲೆ ನನಗೆ ಸಿಟ್ಟಿರಲಿಲ್ಲ. ದಸರಾ ಬರುತ್ತಿತ್ತು, ಹಿಂದೆಯೇ ದೀಪಾವಳಿ. ಹಂಚಿನ ಮುಂದೆ ನಿಲ್ಲುವ ಬೇರೆ ಕೈ ನನಗಿರಲಿಲ್ಲ. ಕೈಲಾಗದವನು ಕಾಗದ ಕೇಳಿದ್ದರೆ ಅಲ್ಲೇ ಬರೆದು ಬಸ್ ಚಾರ್ಜೂ ಕೊಟ್ಟು ಕಳಿಸುತ್ತಿದ್ದೆ. ಯಜಮಾನ ಕಟ್ಟಿಹಾಕುವುದು ಯಾವಾಗಲೂ ತನಗೆ ಬೇಕಾದವರನ್ನೇ ಮಾರಾಯ್ತಿ.

22 ದಿನ ಹೀಗೇ ದಾಟಿಸಿದೆ. ಕೊನೆಗೆ ಬರೆದೆ. ಬರೆಯುವಾಗಲೂ ಒಂದು ಸಣ್ಣತನ ಮಾಡಿದೆ. "ಅಡುಗೆಯವನು" ಅಂತ ಬರೆಯಬೇಕಾದಲ್ಲಿ "ಅಡುಗೆ ಸಹಾಯಕ" ಅಂತ ಬರೆದೆ. ಅವನು ಓದದೇ ಮಡಿಸಿ ಅಂಗಿಯ ಜೇಬಿಗೆ ಇಟ್ಟುಕೊಂಡ. ನಾಲ್ಕು ದಿನ ಬಿಟ್ಟು ಮಂಗಳೂರಿನಿಂದ ಬಂದವನು ಜಾಗ ತುಂಬಿತಂತೆ ಅಂದ. ಅಷ್ಟು ಹೇಳಿ ಹಂಚಿಗೆ ನೀರು ಚಿಮುಕಿಸಿ, ಕಡ್ಡಿ ಹಿಡಿಯಿಂದ ಗುಡಿಸಿ, ಹಿಟ್ಟು ಹೊಯ್ದ. ಕೈ ನಿಲ್ಲಲಿಲ್ಲ. ಆ ನೀರು ಚುರ್ ಅಂದ ಸದ್ದು ನನಗೆ ಇವತ್ತೂ ಕೇಳುತ್ತದೆ.

ಇದನ್ನು ಯಾಕೆ ಬರೆದೆ? ನಿನ್ನ ಯಜಮಾನ ನನ್ನಂಥವನು ಅಂತಲ್ಲ. ನೀನೇ ಬರೆದಿದ್ದೀಯ, ಅವರು ಒಳ್ಳೆಯವರು, ನಿನ್ನ ಹುಟ್ಟುಹಬ್ಬಕ್ಕೆ ಕೇಕ್ ತಂದಿದ್ದರು ಅಂತ. ನಾನೂ ಆ ಹುಡುಗನಿಗೆ ದೀಪಾವಳಿಗೆ ಅಂಗಿ ಹೊಲಿಸಿದ್ದೆ.

ಅವರಿಗೂ ಹೆದರಿಕೆ ಇದೆ ಪುಟ್ಟಿ. ನಿನಗೆ ಪಿಆರ್ ಬಂದ ಮೇಲೆ ನೀನು ಅವರ ಮನೆಯಲ್ಲೇ ದುಡಿಯಬೇಕು ಅಂತ ಕಾನೂನಿನಲ್ಲಿ ಹಗ್ಗವಿಲ್ಲ. ಅದು ಅವರಿಗೂ ಗೊತ್ತು. ಅಂಥ ಸಣ್ಣ ಕೇರ್ ಹೋಮಿನಲ್ಲಿ ಒಬ್ಬಳು ಹೋದರೆ ರಾತ್ರಿ ಪಾಳಿಗೆ ಯಾರು? ಹಾಗಾಗಿ ಫಾರಂ ಮೇಜಿನ ಮೇಲೇ ಕೂತಿರುತ್ತದೆ. ಸುಮ್ನೆ ಕೂತಿರುತ್ತದೆ. ಕೆಟ್ಟವರಲ್ಲದವರೂ ಹೀಗೆ ಮಾಡುತ್ತಾರೆ. ಹಾಂ, ಒಂದು ಮಾತು. ಅಟ್ಲಾಂಟಿಕ್ ಭಾಗದಲ್ಲೇ ಬಾಳುವ ಮನಸ್ಸಿದೆ ಅಂತ ನೀನು ನಂಬಿಸಿ ಹೋಗುವ ದಾರಿ ಇದು. ಗೆಳತಿ ಕರೆದಳು ಅಂತ ಟೊರೊಂಟೊ ಟೊರೊಂಟೊ ಅನ್ನುತ್ತಿದ್ದೆಯಲ್ಲ ಹೋದ ವರ್ಷ. ಆ ಮನಸ್ಸು ಇನ್ನೂ ಇದ್ದರೆ ಈ ದಾರಿ ನಿನ್ನದಲ್ಲ. ಇಲ್ಲದಿದ್ದರೆ ಅದನ್ನು ಅವರಿಗೆ ಬಾಯಿಬಿಟ್ಟು ಹೇಳು. ನಾನು ಇಲ್ಲೇ ಇರ್ತೇನೆ ಅಂತ ಆ ಹುಡುಗ ಹೇಳುವ ಹಾಗಿರಲಿಲ್ಲ. ನೀನು ಹೇಳಬಹುದು.

ನಿನ್ನ ಅರ್ಹತೆಯ ಬಗ್ಗೆ ನನಗೆ ಚಿಂತೆ ಕಡಿಮೆ. ಐದು ವರ್ಷದ ಒಳಗೆ 1,560 ಗಂಟೆ ಸಂಬಳದ ಕೆಲಸ ಬೇಕು. ವಾರಕ್ಕೆ 30ರಂತೆ ಒಂದು ವರ್ಷ. ನಿನಗೆ ಅದು ಆಗಿದೆ ಅಂತ ನನ್ನ ಲೆಕ್ಕ. ನಮ್ಮ ಕಾಲದ ಹಾಗೆ ದಿನಕ್ಕೆ 14 ಗಂಟೆ ದುಡಿದು ನಾಲ್ಕು ತಿಂಗಳಲ್ಲಿ ಮುಗಿಸುತ್ತೇನೆ ಅಂದರೆ ಒಪ್ಪುವುದಿಲ್ಲವಂತೆ, ಕನಿಷ್ಠ 12 ತಿಂಗಳ ಮೇಲೆ ಹರಡಿರಬೇಕು. ಪುಕ್ಕಟೆ ಮಾಡಿದ ಕೆಲಸ ಲೆಕ್ಕಕ್ಕಿಲ್ಲ. ಪೇ ಸ್ಲಿಪ್ ಒಂದೂ ಬಿಡದೆ ನಿನ್ನ ಮೇಲ್‌ಗೇ ಕಳಿಸಿಟ್ಟುಕೋ. ಅವರ ಕಂಪ್ಯೂಟರಿನಲ್ಲಿದೆ ಅಂತ ನೆಚ್ಚಿಕೊಳ್ಳಬೇಡ. ಅಲ್ಲೇ ವರ್ಕ್ ಪರ್ಮಿಟ್ ಮೇಲೆ ದುಡಿಯುತ್ತಿರುವವರು ಬ್ಯಾಂಕಿನಲ್ಲಿ ದುಡ್ಡು ತೋರಿಸಬೇಕಾಗಿಲ್ಲವಂತೆ. ನಾನು ಸುಮ್ನೆ ಗದ್ದೆ ಮೇಲೆ ಸಾಲ ತೆಗೆಯುವ ಮಾತಾಡಿ ನಿನ್ನ ಅಮ್ಮನ ಹತ್ತಿರ ಬೈಸಿಕೊಂಡೆ.

ಪತ್ರದಲ್ಲಿ ನಿನ್ನ ಕೆಲಸಕ್ಕೆ ಏನು ಹೆಸರು ಬರೆದಿದ್ದಾರೆ ನೋಡು. ಇದು ಮಾತ್ರ ನೋಡಲೇಬೇಕು. ನರ್ಸ್ ಏಡ್ ಅಂದರೆ ಅದು ಅವರು ಕೆಲಸಗಳಿಗೆ ಹಾಕುವ ದರ್ಜೆಯಲ್ಲಿ ಟೀರ್ 3, ಒಂದು ವರ್ಷದ ಕೆಲಸದ ಪತ್ರ ಸಾಕು, ಭಾಷೆ ಸಿಎಲ್‌ಬಿ ಅನ್ನುವ ಅಳತೆಯಲ್ಲಿ 5. ಹೋಮ್ ಸಪೋರ್ಟ್ ಕೆಲಸ ಅಂತ ಬರೆದರೆ ಟೀರ್ 4, ಆಗ ಭಾಷೆ 4 ಸಾಕು, ಆದರೆ ಕೆಲಸ ಕಾಯಂ ಆಗಿರಬೇಕು. ಎರಡರಲ್ಲೂ ವಾರಕ್ಕೆ 30 ಗಂಟೆ, ವರ್ಷಪೂರ್ತಿ ನಡೆಯುವ ಕೆಲಸ. ಒಂದು ಶಬ್ದ ಆಚೀಚೆ ಆದರೆ ಏನಾಗುತ್ತದೆ ಅಂತ "ಸಹಾಯಕ" ಅಂತ ಬರೆದ ಕೈ ನಿನಗೆ ಹೇಳುತ್ತಿದೆ.

ಇನ್ನು ದುಡ್ಡು. ನೀನು ಬರೆದಿಲ್ಲ, ಆದರೂ ಹೇಳುತ್ತೇನೆ. ಈ ಕಾಗದಕ್ಕೆ ಅಂತ ಯಜಮಾನನಾಗಲಿ ಅವನ ಕಡೆಯವರಾಗಲಿ ಡಾಲರ್ ಕೇಳುವ ಹಾಗಿಲ್ಲ. ಅಲ್ಲಿ ನೆಲೆಯೂರುವುದು ಹೇಗೆ ಅಂತ ಸೆಟ್ಲ್‌ಮೆಂಟ್ ಪ್ಲಾನ್ ಮಾಡಿಕೊಡುವ ಸಂಸ್ಥೆಯವರೂ ಪುಕ್ಕಟೆ ಮಾಡಿಕೊಡಬೇಕು. ಯಾರಾದರೂ ಕೈಚಾಚಿದರೆ ಆ ರಾತ್ರಿಯೇ ನನಗೆ ಫೋನ್ ಮಾಡು. ನಾನೇನು ಮಾಡುತ್ತೇನೋ ಗೊತ್ತಿಲ್ಲ, ಆದರೂ ಮಾಡು.

ಮತ್ತೆ ಅದೇ ಮಾತಿಗೆ ಬಂದೆ ನೋಡು. "ಬೇಡ" ಅಂದರೆ ದಾರಿ ಇದೆ. ಡೆಸಿಗ್ನೇಟೆಡ್ ಆದವರ ಪಟ್ಟಿಯನ್ನು ಪ್ರಾಂತ್ಯದವರೇ ಹಾಕುತ್ತಾರೆ, ಅದರಲ್ಲಿ ನಿನ್ನಂಥ ಕೈ ಬೇಕಾದ ಬೇರೆ ಮನೆಗಳಿರುತ್ತವೆ. ನಿನ್ನ ಈಗಿನ ಪರ್ಮಿಟ್ ಓಪನ್, ಯಾರ ಹತ್ತಿರ ಬೇಕಾದರೂ ಹೋಗಬಹುದು. ಆದರೆ ಅದು ಮಾರ್ಚ್‌ವರೆಗೆ ಮಾತ್ರ. ಆಮೇಲೆ ಈ ಪ್ರೋಗ್ರಾಂ ಮೂಲಕ ಸಿಗುವ ಪರ್ಮಿಟ್ ಹೆಚ್ಚೆಂದರೆ ಎರಡು ವರ್ಷದ್ದು, ಅದೂ ಒಬ್ಬ ಯಜಮಾನನ ಹೆಸರಿಗೆ. ನಿನ್ನ ಭಾಷೆ ಪರೀಕ್ಷೆಯ ಫಲಿತಾಂಶಕ್ಕೂ ಎರಡೇ ವರ್ಷದ ಆಯುಷ್ಯ. ಯಜಮಾನನ ಒಂದೊಂದು "ನಾಳೆ" ಇವುಗಳಿಂದಲೇ ಕಳೆದುಹೋಗುತ್ತದೆ. ಬೇಡ ಅಂದವನು ನಿನ್ನನ್ನು ಬಿಟ್ಟುಕೊಟ್ಟ, ನೀನು ಬೇರೆ ಬಾಗಿಲು ತಟ್ಟುತ್ತೀಯ. ನಾಳೆ ಅಂದವನು ನಿನ್ನನ್ನು ಅಲ್ಲೇ ನಿಲ್ಲಿಸಿರುತ್ತಾನೆ. ಅದೂ ನಗುನಗುತ್ತಾ.

ನೀನು ಕಳಿಸಿದ ಮಾಂಕ್ಟನ್ನಿನ ಹೊಳೆಯ ವಿಡಿಯೋ ಮತ್ತೆ ನೋಡಿದೆ. ಸಮುದ್ರದ ನೀರು ಒಂದು ಗೆರೆಯಾಗಿ ಹೊಳೆಯನ್ನು ಹಿಂದಕ್ಕೆ ತಳ್ಳಿಕೊಂಡು ಬರುತ್ತದಲ್ಲ, ದಿನಕ್ಕೆ ಎರಡು ಸಲ. ಗಂಗೊಳ್ಳಿಯ ಅಳಿವೆಯಲ್ಲಿ ಉಬ್ಬರ ನೋಡಿ ಬೆಳೆದ ನನಗೂ ಅದು ವಿಚಿತ್ರ ಅನ್ನಿಸಿತು. ಪೆಟಿಕೋಡಿಯಾಕ್ ಅಂತ ಹೆಸರು ಹೇಳಲು ನಿನ್ನ ಅತ್ತೆ ಇನ್ನೂ ಒದ್ದಾಡುತ್ತಿದ್ದಾಳೆ.

ಆ ಹುಡುಗ ಆಮೇಲೆ ಒಂದು ವರ್ಷ ನನ್ನಲ್ಲೇ ಇದ್ದ. 2009ರಲ್ಲಿ ಆನೆಗುಡ್ಡೆ ದೇವಸ್ಥಾನದಲ್ಲಿ ಸಿಕ್ಕಿದ. ತಲೆ ನರೆತಿತ್ತು. ಮದುವೆ ಅಡುಗೆ ಕಾಂಟ್ರಾಕ್ಟ್ ಮಾಡುತ್ತಾನಂತೆ, ಚೆನ್ನಾಗಿದ್ದಾನೆ. "ಯಜಮಾನ್ರೇ, ಸಕ್ಕರೆ ಕಾಯಿಲೆ ಹೇಗಿದೆ" ಅಂತ ವಿಚಾರಿಸಿದ. ಮಸ್ಕತ್ತಿನ ಮಾತು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ನಾನು ಎತ್ತಬೇಕಿತ್ತು. ಸಾಲಿನಲ್ಲಿ ಅವನು ನನ್ನ ಮುಂದೆಯೇ ನಿಂತಿದ್ದ, ಹತ್ತು ನಿಮಿಷ. ಅವನ ಬೆನ್ನು ನೋಡುತ್ತಾ ನಿಂತೆ.

ಉಪ್ಪಿನಕಾಯಿ ಸೋಮವಾರ ಪಾರ್ಸಲ್ ಹೋಗುತ್ತದೆ.

ಇನ್ನೊಂದು. ನನಗೆ ಗೊತ್ತಿರುವ ವಿದ್ಯೆ ಇದೊಂದೇ, ಆದ್ದರಿಂದ ಹೇಳಿಬಿಡುತ್ತೇನೆ. ಯಜಮಾನರ ಹತ್ತಿರ ಕಾಗದ ಕೇಳುವಾಗ ಬೆಳಿಗ್ಗೆ ಕೇಳಬೇಡ. ಬೆಳಿಗ್ಗೆ ಯಾರೂ ಏನೂ ಕೊಡುವುದಿಲ್ಲ. ಆ ಹುಡುಗ ನನ್ನನ್ನು ಎಂಟೂವರೆಗೆ ಕೇಳಿದ್ದ, ಗಿರಾಕಿಗಳ ನೂಕುನುಗ್ಗಲಿನಲ್ಲಿ. ಮಧ್ಯಾಹ್ನ ಮೂರಕ್ಕೆ ಕೇಳು. ಅಜ್ಜಿಯರು ಉಂಡು ಮಲಗಿರುತ್ತಾರೆ, ಅವರು ಚಹಾ ಹಿಡಿದು ಕೂತಿರುತ್ತಾರೆ. ಫಾರಂ ನೀನೇ ತುಂಬಿಸಿಕೊಂಡು ಹೋಗು, ಸಹಿಯ ಜಾಗ ಮಾತ್ರ ಖಾಲಿ ಬಿಡು. ಪೆನ್ನೂ ನಿನ್ನದೇ ಇರಲಿ. ನಾಳೆ ಅಂದರೆ, "ಸರಿ, ನಾಳೆ ಮೂರಕ್ಕೆ ಬರ್ತೇನೆ" ಅಂತ ನಕ್ಕು ಹೇಳಿ, ಮರುದಿನ ಮೂರಕ್ಕೆ ಹೋಗಿ ನಿಲ್ಲು.

ನಿನ್ನ
ಮಾವ