ರೆಕ್ಕೆಗೆ ಒಂದು ವರ್ಷ

ಮೊನ್ನೆ ಭಾನುವಾರಕ್ಕೆ ನಮ್ಮ ಮರದ ರೆಕ್ಕೆ ಬಯಲಲ್ಲಿ ನಿಂತು ಒಂದು ವರ್ಷ ತುಂಬಿತು. ಬಿಸಿಲು, ಮಳೆ, ಚಳಿ ಎಲ್ಲವನ್ನೂ ಒಂದೊಂದು ಸುತ್ತು ಕಂಡಿದೆ. ಬೆಳಿಗ್ಗೆ ಬೇಗ ಹೋಗಿ ಏಣಿ ಹಾಕಿ, 31 ಪಕ್ಕೆಗಳನ್ನೂ ಬೆರಳ ಗೆಣ್ಣಿನಿಂದ ತಟ್ಟಿ ನೋಡಿದೆ. ಎಲ್ಲವೂ ಗಟ್ಟಿ ಸದ್ದು ಕೊಟ್ಟವು. ಒಂದೂ ಟೊಳ್ಳು ಅನ್ನಿಸಲಿಲ್ಲ. ಕೆಳಗಿಳಿದು ಹುಲ್ಲಿನ ಮೇಲೆ ಕೂತೆ. ಅಳು ಬಂತು.

ನಿಲ್ಲಿಸಿದ ದಿನ ಮೈಕ್ ಹಿಡಿದು ಎರಡು ಮಾತು ಆಡಿದ್ದೆ. ಆದರೆ ಅವತ್ತು ಗಂಟಲು ಕಟ್ಟಿತ್ತು, ಹೇಳಬೇಕಾದ ಅರ್ಧ ಹಾಗೇ ಉಳಿಯಿತು. ಆ ಬಾಕಿಯನ್ನು ಈಗ ತೀರಿಸುತ್ತಿದ್ದೇನೆ. ಯಾರ ಹೆಸರನ್ನೂ ಬರೆಯುತ್ತಿಲ್ಲ. ಓದುತ್ತಾ ಹೋದರೆ ಇದು ನನ್ನ ಬಗ್ಗೆಯೇ ಅಂತ ನಿಮಗೆ ಗೊತ್ತಾಗುತ್ತದೆ.

ನೋಡದೇ ಇರುವವರಿಗೆ ಸ್ವಲ್ಪ ಹೇಳಿಬಿಡುತ್ತೇನೆ. ಇದು ಬಿಚ್ಚಿದ ಎರಡು ರೆಕ್ಕೆ, ಅಷ್ಟೇ. ಹಕ್ಕಿಯ ತಲೆ ಇಲ್ಲ, ಬಾಲ ಇಲ್ಲ. ಪಕ್ಕೆಗಳ ಮೇಲೆ ಬಟ್ಟೆಯಾಗಲಿ ಹಲಗೆಯಾಗಲಿ ಹೊದಿಸಿಲ್ಲ, ನಡುವೆ ಆಕಾಶ ಕಾಣುತ್ತದೆ. ಈ ತುದಿಯಿಂದ ಆ ತುದಿಗೆ 40 ಅಡಿ 4 ಇಂಚು. ಆ ಅಳತೆ ಸುಮ್ನೆ ಇಟ್ಟಿದ್ದಲ್ಲ. 1903ರ ಡಿಸೆಂಬರ್ 17ರಂದು ರೈಟ್ ಸಹೋದರರು ಹಾರಿಸಿದ ಯಂತ್ರದ ರೆಕ್ಕೆ ಅಷ್ಟೇ ಅಗಲ ಇತ್ತು. ಅದೂ ಮರದ್ದೇ. ಸ್ಪ್ರೂಸ್ ಮತ್ತು ಆ್ಯಶ್ ಮರದ ಚೌಕಟ್ಟು, ಮೇಲೆ ಮಸ್ಲಿನ್ ಬಟ್ಟೆ. ಆಳು ಏರದಿದ್ದಾಗ ಅದರ ತೂಕ ಸುಮಾರು 274 ಕಿಲೋ. ನಮ್ಮದು ಅದರ ಹತ್ತರಷ್ಟಿದೆ. ಅದು ಏಳಬೇಕಿತ್ತು, ಇದು ನಿಲ್ಲಬೇಕು.

ಎರಡು ರೆಕ್ಕೆ ಸೇರುವ ಜಾಗದಿಂದ ಎರಡು ಜೊತೆ ಹಿಡಿಕೆ ಕೆಳಗೆ ಇಳಿದಿವೆ. ಒಂದು ಜೊತೆ ದೊಡ್ಡವರ ಎದೆಮಟ್ಟಕ್ಕೆ, ಇನ್ನೊಂದು ಮಕ್ಕಳಿಗೆ. ಈ ಯೋಚನೆ ಬಂದಿದ್ದು ಜರ್ಮನಿಯ ಓಟೊ ಲಿಲಿಯೆಂಥಾಲ್ ಅವರಿಂದ. ಅವರು ವಿಲೋ ಮರದ ಕೋಲು ಬಗ್ಗಿಸಿ, ಹತ್ತಿಬಟ್ಟೆ ಕಟ್ಟಿ, ಅದಕ್ಕೆ ತೋಳು ಕೊಟ್ಟು ನೇತಾಡಿಕೊಂಡು ಗುಡ್ಡದಿಂದ ತೇಲಿ ಇಳಿಯುತ್ತಿದ್ದರು. ಹಾಗೆ 2000ಕ್ಕೂ ಹೆಚ್ಚು ಸಲ ತೇಲಿದ್ದಾರೆ. 1896ರ ಆಗಸ್ಟ್‌ನಲ್ಲಿ ಗಾಳಿಯಲ್ಲಿ ಯಂತ್ರ ಮುಗ್ಗರಿಸಿ ಬಿದ್ದು, ಮರುದಿನ ತೀರಿಕೊಂಡರು. ಅವರ ಫೋಟೋಗಳನ್ನು ನಾನು ಚಿಕ್ಕಂದಿನಿಂದ ನೋಡುತ್ತಾ ಬಂದಿದ್ದೇನೆ. ನನ್ನ ಕಣ್ಣು ಯಾವಾಗಲೂ ಹೋಗುವುದು ಆ ಎರಡು ಕೈಗಳ ಕಡೆಗೇ. ರೆಕ್ಕೆ ಅನ್ನುವುದು ಒಂದು ಕಾಲದಲ್ಲಿ ಕೈಯಲ್ಲಿ ಹಿಡಿದುಕೊಳ್ಳುವ ವಸ್ತು ಆಗಿತ್ತು, ಅಲ್ವಾ?

ಹಾರಾಟ ಅಂದರೆ ಎಲ್ಲರೂ ಇಕಾರಸ್ ಕಥೆ ಹೇಳುತ್ತಾರೆ. ಮೇಣದ ರೆಕ್ಕೆ ಕಟ್ಟಿಕೊಂಡು ಸೂರ್ಯನ ಹತ್ತಿರ ಹೋಗಿ ಬಿದ್ದವನು. ನನಗೆ ಮೊದಲು ನೆನಪಾಗುವುದು ಸಂಪಾತಿ. ಅವನ ರೆಕ್ಕೆಯೂ ಸೂರ್ಯನ ಬಿಸಿಗೇ ಸುಟ್ಟಿತು. ಆದರೆ ಅದು ತಮ್ಮ ಜಟಾಯುವಿಗೆ ಬಿಸಿಲು ತಾಗದಿರಲಿ ಅಂತ ಮೇಲೆ ಹರಡಿದ ರೆಕ್ಕೆ. ನಮ್ಮ ರೆಕ್ಕೆಗಳು ಮೇಲಕ್ಕೆ ಚಾಚದೆ ಸ್ವಲ್ಪ ಕೆಳಕ್ಕೆ ಬಾಗಿರುವುದು ಅದಕ್ಕೇ.

ಮೊದಲ ಋಣ ಮರ ಕೊಟ್ಟ ಮನೆಯವರದ್ದು. ಹಳೆಯ ಮನೆ ಇಳಿಸುತ್ತಿದ್ದಾಗ ಅಷ್ಟೂ ತೇಗದ ತೊಲೆಗಳನ್ನು "ಸೌದೆ ಆಗೋದಕ್ಕಿಂತ ನಿಮ್ಮ ಕೈಲಿರಲಿ" ಅಂತ ಕೊಟ್ಟರು. ಹಳೆಯ ತೊಲೆಯಲ್ಲಿ ಒಂದು ಕಷ್ಟ ಇದೆ. ಒಳಗೆ ಮೊಳೆ ಮುರಿದು ಕೂತಿರುತ್ತದೆ. ಕಣ್ಣಿಗೆ ಕಾಣುವುದಿಲ್ಲ, ಗರಗಸಕ್ಕೆ ಕಾಣುತ್ತದೆ. ಎರಡು ಬ್ಲೇಡ್ ಹಲ್ಲು ಉದುರಿಸಿಕೊಂಡ ಮೇಲೆ ಲೋಹ ಹುಡುಕುವ ಯಂತ್ರ ತಂದೆವು. ಆ ಮನೆಯ ಅಜ್ಜಿ ಸ್ಟೂಲ್ ಹಾಕಿಕೊಂಡು ಕೂತು, ಯಂತ್ರ ಕುಂಯ್ ಅಂದಲ್ಲೆಲ್ಲ ಸೀಮೆಸುಣ್ಣದಿಂದ ಗುರುತು ಹಾಕಿಕೊಟ್ಟರು. ಮೊಳೆ ಕಿತ್ತ ಜಾಗದಲ್ಲಿ ಕಬ್ಬಿಣ ಬಿಟ್ಟ ಕಪ್ಪು ಕಲೆಗಳು ಪಕ್ಕೆಗಳ ಮೇಲೆ ಈಗಲೂ ಇವೆ. ಉಜ್ಜಿ ತೆಗೆಯಲಿಲ್ಲ. ಅಜ್ಜೀ, ನೀವು ಬಂದು ಅವುಗಳನ್ನು ಎಣಿಸಿದಿರಿ, ನಾನು ನೋಡಿದೆ.

ಈಗ ಕಷ್ಟದ ಮಾತು.

ಪಕ್ಕೆಗಳಿಗೆ ಬಾಗು ಬೇಕಿತ್ತು. ತೊಲೆಯನ್ನು 6 ಮಿಲಿಮೀಟರ್ ದಪ್ಪದ ಪಟ್ಟಿಗಳಾಗಿ ಸೀಳಿ, ಏಳು ಪಟ್ಟಿ ಒಂದರ ಮೇಲೊಂದು ಇಟ್ಟು, ಎಪಾಕ್ಸಿ ಅಂಟು ಹಚ್ಚಿ, ಅಚ್ಚಿನ ಮೇಲೆ ಬಗ್ಗಿಸಿ ಕ್ಲಾಂಪ್ ಬಿಗಿದೆವು. ಅಂಟು ಗಟ್ಟಿಯಾದ ಮೇಲೆ ಬಾಗು ಹಾಗೇ ನಿಲ್ಲುತ್ತದೆ. ಹತ್ತು ತಿಂಗಳಲ್ಲಿ 31 ಪಕ್ಕೆ ಮುಗಿದವು. ಒಂದು ಮಳೆಗಾಲ ಹೊರಗೇ ಇರಲಿ, ನೋಡೋಣ ಅಂತ ಅಂಗಳದಲ್ಲಿ ಜೋಡಿಸಿಟ್ಟೆ. ಮಳೆ ನಿಂತು ಬಿಸಿಲು ಬಂದ ವಾರ, 9 ಪಕ್ಕೆಗಳ ಪದರ ಬಿಟ್ಟುಕೊಂಡಿತು. ಹಳೇ ಪುಸ್ತಕದ ಹಾಳೆಗಳ ಹಾಗೆ ತುದಿ ಬಿರಿದಿತ್ತು. ಬೆರಳ ಉಗುರು ಒಳಗೆ ಹೋಗುತ್ತಿತ್ತು.

ಶೆಡ್ಡಿಗೆ ಬೀಗ ಹಾಕಿದೆ. ನಾಲ್ಕು ತಿಂಗಳು ತೆಗೆಯಲಿಲ್ಲ. ಯಾರಾದರೂ ರೆಕ್ಕೆ ಎಲ್ಲಿಗೆ ಬಂತು ಅಂತ ಕೇಳಿದರೆ ಮಾತು ಬದಲಿಸುತ್ತಿದ್ದೆ. ರಾತ್ರಿ ನಿದ್ದೆ ಇಲ್ಲ. ನಮ್ಮವರು ಒಂದು ದಿನವೂ "ಬಿಟ್ಟುಬಿಡು" ಅನ್ನಲಿಲ್ಲ, "ಮಾಡು" ಅಂತಲೂ ಅನ್ನಲಿಲ್ಲ. ಪಕ್ಕೆಗಳ ಮೇಲೆ ಟಾರ್ಪಾಲು ಹೊದಿಸಿ, ಗಾಳಿಗೆ ಹಾರಿದಾಗಲೆಲ್ಲ ಮತ್ತೆ ಕಟ್ಟಿ ಬರುತ್ತಿದ್ದರು. ಅದು ನನಗೆ ಗೊತ್ತಾಗಿದ್ದು ಎಷ್ಟೋ ದಿನದ ಮೇಲೆ. ನಿಮಗೆ ಇಲ್ಲಿ ಎಲ್ಲರೆದುರು ಹೇಳುತ್ತಿದ್ದೇನೆ: ಆ ಹಗ್ಗದ ಗಂಟುಗಳನ್ನು ನಾನು ಮರೆಯುವುದಿಲ್ಲ.

ಬೀಗ ತೆಗೆಸಿದ್ದು ದೋಣಿ ಕಟ್ಟುತ್ತಿದ್ದ ಒಬ್ಬ ಹಿರಿಯರು. ನಮ್ಮ ಜೊತೆ ಮರಗೆಲಸ ಮಾಡುತ್ತಿದ್ದ ಆಚಾರ್ರು ಅವರನ್ನು ಕರೆದುಕೊಂಡು ಬಂದಿದ್ದರು. ಕಣ್ಣು ಆಗಲೇ ಮಂಜಾಗಿತ್ತು. ಬಿರಿದ ಪಕ್ಕೆಯನ್ನು ಮೂಗಿನ ಹತ್ತಿರ ಹಿಡಿದು ಮೂಸಿದರು. ಹೆಬ್ಬೆರಳಿನಿಂದ ಪದರದ ಒಳಗೆ ಸವರಿದರು.

"ಅಲ್ಲಮ್ಮಾ, ತೇಗದೊಳಗೇ ಎಣ್ಣೆ ಇರುತ್ತಲ್ಲ. ಒರೆಸಿಕೊಂಡ್ರಾ?"

ಒರೆಸಿರಲಿಲ್ಲ. ನನಗೆ ಗೊತ್ತೇ ಇರಲಿಲ್ಲ. ತೇಗ ಮಳೆ ಬಿಸಿಲಿಗೆ ಜಗ್ಗದಿರುವುದಕ್ಕೆ ಒಂದು ಕಾರಣ ಆ ಎಣ್ಣೆಯೇ. ಆದರೆ ಅಂಟು ಮರವನ್ನು ಕಚ್ಚಿಕೊಳ್ಳುವುದಕ್ಕೆ ಅದೇ ಅಡ್ಡ. ಪಟ್ಟಿಯನ್ನು ಆಗ ತಾನೇ ಕೀಸಿರಬೇಕು, ಅಸಿಟೋನ್ ಅದ್ದಿದ ಬಟ್ಟೆಯಿಂದ ಒರೆಸಬೇಕು, ಒಳಗಿನ ಎಣ್ಣೆ ಮತ್ತೆ ಮೇಲೆ ಬರುವ ಮೊದಲೇ ಅಂಟು ಹಚ್ಚಬೇಕು. ಇಷ್ಟೇ. ಬಿಟ್ಟುಕೊಂಡ ಒಂಬತ್ತನ್ನು ಮತ್ತೆ ಮಾಡುತ್ತೇನೆ ಅಂದೆ. ಅವರು ತಲೆ ಅಲ್ಲಾಡಿಸಿದರು. "ಉಳಿದ 22 ಕೂಡ ಬಿಟ್ಕೊಳ್ತವೆ. ಇನ್ನೂ ಟೈಮ್ ತಗೊಂಡಿವೆ, ಅಷ್ಟೇ."

ಅಷ್ಟನ್ನೂ ಮತ್ತೆ ಮಾಡಿದೆವು. ಹಳೆಯ ಅಂಟು ಕೀಸಿ ತೆಗೆದಾಗ ಪಟ್ಟಿಗಳು ತೆಳುವಾಗಿ ಮರ ಸಾಲದಾಯಿತು. ಅಜ್ಜಿಯ ಮನೆಯವರು ಕೇಳುವ ಮೊದಲೇ ಅಟ್ಟದ ತೊಲೆಗಳನ್ನೂ ಕಳಿಸಿದರು. ಆ ಹಿರಿಯರು ವಾರಕ್ಕೆ ಎರಡು ದಿನ ಬಂದು ಕೂರುತ್ತಿದ್ದರು. ಕಣ್ಣಲ್ಲಿ ಅಲ್ಲ, ಕೈಯಲ್ಲಿ ನೋಡುತ್ತಿದ್ದರು. ಒರೆಸಿದ ಪಟ್ಟಿಯ ಮೇಲೆ ಬೆರಳು ಜಾರಿದರೆ "ಇನ್ನೊಂದು ಸಲ" ಅನ್ನುತ್ತಿದ್ದರು.

ಆಚಾರ್ರೇ, ನಿಮ್ಮ ಬಗ್ಗೆ ಎಷ್ಟು ಬರೆದರೂ ಕಡಿಮೆ. ಎಲ್ಲರೂ ಒಮ್ಮೆ 23ನೇ ಪಕ್ಕೆಯನ್ನು ಹತ್ತಿರದಿಂದ ನೋಡಿ. ಗಂಟಿನ ಪಕ್ಕದಲ್ಲಿ ಒಂದು ಸೀಳು ಇದೆ. ಮರ ಒಣಗುವಾಗ ಎಲ್ಲ ಕಡೆಗೂ ಒಂದೇ ಸಮ ಕುಗ್ಗುವುದಿಲ್ಲ. ವರ್ಷದ ಉಂಗುರಗಳ ಗುಂಟ ಕುಗ್ಗುವುದು, ಉಂಗುರಗಳಿಗೆ ಅಡ್ಡ ಕುಗ್ಗುವುದಕ್ಕಿಂತ ಹೆಚ್ಚುಕಡಿಮೆ ಎರಡರಷ್ಟು. ಆ ಎಳೆದಾಟಕ್ಕೆ ಸೀಳು ಬರುತ್ತದೆ. ಮರದ ಪುಡಿ ತುಂಬಿ ಮುಚ್ಚಿಬಿಡೋಣ ಅಂದಿದ್ದೆ. ಆಚಾರ್ರು ಒಪ್ಪಲಿಲ್ಲ. ಸೀಳಿಗೆ ಅಡ್ಡಲಾಗಿ ಡಮರು ಆಕಾರದ ಮೂರು ಬೆಣೆ ಕೆತ್ತಿ ಕೂರಿಸಿದರು. ಇಡೀ ದಿನ ಹಿಡಿಯಿತು. ಕೊನೆಯ ಬೆಣೆಗೆ ಕೊಡತಿಯಿಂದ ಮೆಲ್ಲಗೆ ಮೂರು ಏಟು ಹಾಕಿ, ಕಿವಿ ಇಟ್ಟು ಕೇಳಿ, ನಾಲ್ಕನೇ ಏಟು ಹಾಕಲಿಲ್ಲ. ಇಡೀ ರೆಕ್ಕೆಯಲ್ಲಿ ನನಗೆ ಅತಿ ಇಷ್ಟವಾದ ಜಾಗ ಅದು. ಮಳೆ ಬಂದರೆ ಉಬ್ಬುತ್ತದೆ, ಬಿಸಿಲಿಗೆ ತುಸು ತೆರೆಯುತ್ತದೆ. ಮುಂದೆ ಮಾತ್ರ ಹೋಗಿಲ್ಲ.

ಲೆಕ್ಕ ಹಾಕಿಕೊಟ್ಟ ಎಂಜಿನಿಯರ್ ಹುಡುಗಿಗೆ: ನೀನು ಮೊದಲ ದಿನವೇ ನನ್ನ ಚಿತ್ರ ನೋಡಿ "ಅಕ್ಕಾ, ಇದು ನಿಜವಾಗ್ಲೂ ಹಾರುತ್ತೆ, ಅದೇ ತೊಂದರೆ" ಅಂದೆ. ನಾನು ಪಕ್ಕೆಗಳ ಮೇಲೆ ಹಲಗೆ ಹೊದಿಸಬೇಕು ಅಂತ ಹಠ ಹಿಡಿದಿದ್ದೆ. ಗಾಳಿಯ ವೇಗ ಎರಡರಷ್ಟಾದರೆ ಅದರ ಒತ್ತಡ ನಾಲ್ಕರಷ್ಟಾಗುತ್ತದೆ ಅಂತ ನೀನು ಕಾಗದದ ಮೇಲೆ ಬರೆದು ತೋರಿಸಿದೆ. ಹೊದಿಕೆ ಬಿಟ್ಟೆವು, ಗಾಳಿ ಹಾದುಹೋಗಲು ದಾರಿ ಆಯಿತು. ಈಗ ಸಂಜೆ ಹೊತ್ತು ಪಕ್ಕೆಗಳ ನೆರಳು ಹುಲ್ಲಿನ ಮೇಲೆ ಬೀಳುವುದನ್ನು ನೋಡುವುದಕ್ಕೇ ಜನ ಬರುತ್ತಾರೆ. ಆ ಚೆಲುವು ನಿನ್ನದು, ನನ್ನದಲ್ಲ.

ನಿಲ್ಲಿಸಿದ ದಿನದ್ದು ಬಿಡಿಸಿ ಹೇಳಲೇಬೇಕು. ಎಡ ರೆಕ್ಕೆ ಸಲೀಸಾಗಿ ಏರಿತು. ಬಲ ರೆಕ್ಕೆ ಕ್ರೇನಿನಲ್ಲಿ ಅರ್ಧ ಮೇಲೆ ಹೋಗಿದ್ದಾಗ ಗಾಳಿ ಎದ್ದಿತು. ರೆಕ್ಕೆ ನಿಧಾನಕ್ಕೆ ತಿರುಗತೊಡಗಿತು. ಕೆಳಗೆ ನಾಲ್ಕು ಹಗ್ಗ, ಹಗ್ಗಕ್ಕೆ ಮೂರು ಮೂರು ಜನ. ಹಗ್ಗ ಕೈಗೆ ಸುತ್ತಿಕೊಳ್ಳಬೇಡಿ ಅಂತ ಮೊದಲೇ ಹೇಳಿದ್ದೆವು. ಯಾರೂ ಸುತ್ತಿಕೊಂಡಿರಲಿಲ್ಲ, ಯಾರೂ ಬಿಡಲೂ ಇಲ್ಲ. ಕ್ರೇನ್ ಅಣ್ಣ ಎಂಜಿನ್ ಸದ್ದು ತಗ್ಗಿಸಿ "ಆತುರ ಬೇಡ, ನಾನು ಕಾಯ್ತೀನಿ" ಅಂತ ಕೂಗಿದರು. ನಲವತ್ತು ನಿಮಿಷ ಕಾದರು. ಆ ದಿನ ಅವರಿಗೆ ಬೇರೆ ಕಡೆ ಇನ್ನೊಂದು ಕೆಲಸ ಇತ್ತು ಅಂತ ಆಮೇಲೆ ತಿಳಿಯಿತು. ಕೊನೆಯ ಬೋಲ್ಟ್ ಬಿಗಿದ ಮೇಲೆ ಹಗ್ಗ ಹಿಡಿದಿದ್ದ ಒಬ್ಬ ಕಾಲೇಜು ಹುಡುಗ ಅಂಗೈ ಬಿಚ್ಚಿದ. ಸಿಪ್ಪೆ ಎದ್ದು ಕೆಂಪಾಗಿತ್ತು.

ಆ ಅಂಗೈ ನೋಡಿದಾಗ ನನಗೆ ಜಾನ್ ಡೇನಿಯಲ್ಸ್ ನೆನಪಾದರು. 1903ರ ಆ ದಿನ ರೈಟ್ ಸಹೋದರರ ಜೊತೆ ಮರಳಿನ ಮೇಲೆ ಐದು ಜನ ಇದ್ದರು. ಮೂವರು ಸಮುದ್ರದಲ್ಲಿ ಸಿಕ್ಕಿಬಿದ್ದವರನ್ನು ಕಾಪಾಡುವ ಠಾಣೆಯವರು, ಒಬ್ಬರು ಮರದ ವ್ಯಾಪಾರಿ, ಇನ್ನೊಬ್ಬ ಹುಡುಗ. ಮೊದಲ ಹಾರಾಟ 12 ಸೆಕೆಂಡ್, 120 ಅಡಿ. ಅದರ ಫೋಟೋ ತೆಗೆದದ್ದು ಠಾಣೆಯ ಡೇನಿಯಲ್ಸ್. ನಾಲ್ಕನೆಯದು 59 ಸೆಕೆಂಡ್, 852 ಅಡಿ. ಅದಾದ ಮೇಲೆ ಯಂತ್ರ ನೆಲದ ಮೇಲಿದ್ದಾಗ ಜೋರು ಗಾಳಿ ಬಂದು ಅದನ್ನು ಮಗುಚಿತು. ತಡೆಯಲು ಓಡಿದ ಡೇನಿಯಲ್ಸ್ ಅದರ ಕೋಲುಗಳ ನಡುವೆ ಸಿಕ್ಕಿಕೊಂಡು ಜೊತೆಗೇ ಉರುಳಿದರು. ಮೈಯೆಲ್ಲ ಪೆಟ್ಟು. ಯಂತ್ರ ಮತ್ತೆ ಹಾರಲಿಲ್ಲ. ಆ ದಿನದ ಕಥೆ ಓದಿದಾಗಲೆಲ್ಲ ನನಗೆ ಹಾರಿದವರಿಗಿಂತ ಹಿಡಿದುಕೊಂಡವರೇ ಜಾಸ್ತಿ ಹತ್ತಿರ ಅನ್ನಿಸುತ್ತಾರೆ. ಈಗ ನನ್ನ ಕಡೆಯೂ ಅಂಥವರು ಹನ್ನೆರಡು ಜನ ಇದ್ದಾರೆ.

ಉಪ್ಪುಕಾಗದ ತಿಕ್ಕಿದ ಮಕ್ಕಳಿಗೆ, ಪಾಯ ತೋಡಿದವರಿಗೆ, ರಾತ್ರಿ ಕಾವಲು ಕೂತವರಿಗೆ, ಸ್ಟೀಲ್ ಬೋಲ್ಟ್‌ಗಳ ದುಡ್ಡು ಇವತ್ತಿಗೂ ಕೇಳದವರಿಗೆ ಮನಸಾರೆ ಕೈ ಮುಗಿಯುತ್ತೇನೆ.

ತುಂಬಾ ಜನ ಕೇಳುತ್ತಿದ್ದೀರಿ: ಮರ ಯಾಕೆ ಬೂದು ಬಣ್ಣಕ್ಕೆ ತಿರುಗಿದೆ, ಹಾಳಾಗುತ್ತಿದೆಯಾ ಅಂತ. ಇಲ್ಲ. ಬಿಸಿಲು ಮೇಲ್ಮೈಯ ಬಣ್ಣ ತೆಗೆಯುತ್ತದೆ, ಅದು ಕಾಗದದಷ್ಟು ತೆಳು. ಒಳಗೆ ಕೆಚ್ಚು ಹಾಗೇ ಇದೆ. ಆ ಬೂದು ನನಗೆ ಇಷ್ಟ, ಹಕ್ಕಿಯ ಗರಿಯ ಹಾಗಿದೆ. ನೋಡಿಕೊಳ್ಳಬೇಕಾದದ್ದು ಪಕ್ಕೆಗಳ ತುದಿಗಳನ್ನು. ಮರದ ಎಳೆಗಳು ಅಲ್ಲಿ ಬಾಯಿ ತೆರೆದಿರುತ್ತವೆ, ನೀರು ಬೇರೆಲ್ಲ ಕಡೆಗಿಂತ ಬೇಗ ಒಳಗೆ ಹೋಗುತ್ತದೆ. ಹಾಗಾಗಿ ಬರುವ ಭಾನುವಾರ ಬೆಳಿಗ್ಗೆ 62 ತುದಿಗಳಿಗೂ ಅಗಸೆ ಎಣ್ಣೆ ಮತ್ತು ಮೇಣ ಹಚ್ಚುತ್ತಿದ್ದೇವೆ. ಕೈ ಜೋಡಿಸುವವರು ಹಳೇ ಬಟ್ಟೆ ತನ್ನಿ. ಒರೆಸಿದ ಬಟ್ಟೆಯನ್ನು ಮಾತ್ರ ಗುಡ್ಡೆ ಹಾಕಬೇಡಿ, ಆ ಎಣ್ಣೆ ಒಣಗುತ್ತಾ ತಾನೇ ಬಿಸಿಯಾಗಿ ಬೆಂಕಿ ಹಿಡಿಯಬಹುದು. ಪಕ್ಕದಲ್ಲಿ ನೀರಿನ ಬಕೆಟ್ ಇಟ್ಟಿರುತ್ತೇವೆ, ಅದಕ್ಕೇ ಹಾಕಿ.

ದೋಣಿಯ ಹಿರಿಯರೂ ಬರುತ್ತೇನೆ ಅಂದಿದ್ದಾರೆ. ಅವರಿಗೆ ಏಣಿ ಬೇಡ. ಕೆಳಗೆ ನಿಂತರೆ ಕೈಗೆ ಸಿಗುವ ನಾಲ್ಕು ಹಿಡಿಕೆಗಳನ್ನು ಅವರ ಪಾಲಿಗೆ ಬಿಟ್ಟಿದ್ದೇವೆ.