ಆ 15,000 ಕೋಟಿಯ ಬಗ್ಗೆ, ಮಂಜುಗೆ

ಪ್ರೀತಿಯ ಮಂಜು,

ಮೊನ್ನೆ ಫೋನಲ್ಲಿ ನೀನು ಕೇಳಿದ್ದಕ್ಕೆ ಉತ್ತರ ಕೊಡಲಿಲ್ಲ. ಬಸ್ಸಿನಲ್ಲಿದ್ದೆ, ಪಕ್ಕದವರು ಕಿವಿ ನೆಟ್ಟಗೆ ಮಾಡಿದ್ದರು. "ಡ್ರೋನ್ ಕಾಲದಲ್ಲಿ ಈ ಎಎಂಸಿಎ, ನಾವೇ ಮಾಡೋಕೆ ಹೊರಟಿರೋ ಹೊಸ ಯುದ್ಧವಿಮಾನ, ಯಾಕೆ ಬೇಕು ಮಾರಾಯ? ಪರೀಕ್ಷೆಗೆ ಅಂತ ಬರೀ ಐದು ಮಾದರಿ ವಿಮಾನ, ಅದಕ್ಕೆ 15,000 ಕೋಟಿ!" ಅಂದೆಯಲ್ಲ, ಅದೇ.

ನಿನ್ನ ಸಿಟ್ಟು ಸುಳ್ಳಲ್ಲ. 2025ರ ಜೂನ್‌ನಲ್ಲಿ ಉಕ್ರೇನಿನವರು ಲಾರಿಗಳಲ್ಲಿ ಡ್ರೋನ್ ಸಾಗಿಸಿ ರಷ್ಯಾದ ಒಳಗೇ ಬಾಂಬರ್‌ಗಳನ್ನು ಸುಟ್ಟರು. ಆಗ ನನಗೂ ಹಾಗೇ ಅನ್ನಿಸಿತ್ತು. ಆದರೆ ಆ ಬಾಂಬರ್‌ಗಳು ನೆಲದ ಮೇಲೆ ನಿಂತಿದ್ದವು, ಅಲ್ವಾ? ಮೇಲೆ ಜೆ-20 ಬಂದರೆ ಅಂಥ ಡ್ರೋನ್ ಏನು ಮಾಡೀತು? ರೇಡಾರಿಗೆ ಸುಲಭಕ್ಕೆ ಸಿಗದ ಆ ವಿಮಾನ ಚೀನಾದ ಹತ್ತಿರ ನೂರಾರಿವೆ. ನಮ್ಮ ವಾಯುಪಡೆಗೆ ಮಂಜೂರಾದದ್ದು 42 ಸ್ಕ್ವಾಡ್ರನ್, ಅಂದರೆ ಯುದ್ಧವಿಮಾನಗಳ ತಂಡ. 2025ರ ಸೆಪ್ಟೆಂಬರ್‌ನಲ್ಲಿ ಮಿಗ್-21 ಮನೆಗೆ ಹೋದ ಮೇಲೆ ಉಳಿದದ್ದು 29. ಹೊಸ ಜೆಟ್ ಬೇಕೇ ಬೇಕು ಕಣೋ.

ನನ್ನ ಭಯ ಬೇರೆ. ಹೋದ ವಾರ ಮಗಳನ್ನು ಕರಕೊಂಡು ಎಚ್‌ಎಎಲ್ ಮ್ಯೂಸಿಯಮ್‌ಗೆ ಹೋಗಿದ್ದೆ. ಅಲ್ಲಿ ಮರುತ್ ನಿಂತಿದೆ, ನಾವೇ ಕಟ್ಟಿದ ಹಳೇ ಯುದ್ಧವಿಮಾನ. ಚೂಪು ಮೂತಿ, ಹಿಂದಕ್ಕೆ ಬಾಗಿದ ರೆಕ್ಕೆ, ನೋಡೋಕೆ ಇವತ್ತಿಗೂ ಚಂದ. ಮಗಳು ಸೀದಾ ಅದರ ಹಿಂದೆ ಹೋದಳು. ಎಂಜಿನ್ ಹೊಗೆ ಬಿಡುವ ಎರಡು ತೂತು ನೋಡಿ, "ಇಷ್ಟು ದೊಡ್ಡ ವಿಮಾನಕ್ಕೆ ಇಷ್ಟೇನಾ ಅಪ್ಪ?" ಅಂದಳು.

ಇಷ್ಟೇ. ಅದು 1961ರಲ್ಲಿ ನಮ್ಮ ಬೆಂಗಳೂರಲ್ಲೇ ಮೊದಲು ಹಾರಿದ್ದು. ಜರ್ಮನಿಯ ಕುರ್ಟ್ ಟ್ಯಾಂಕ್ ಬಂದು ವಿನ್ಯಾಸ ಮಾಡಿದ್ದರು. ಶಬ್ದದ ಎರಡು ಪಟ್ಟು ವೇಗದಲ್ಲಿ ಹೋಗಬೇಕು ಅಂತ ಆಸೆ. ಅದಕ್ಕೆ ತಕ್ಕ ಎಂಜಿನ್ ಬ್ರಿಟನ್‌ನಲ್ಲಿ ತಯಾರಾಗಬೇಕಿತ್ತು. ಆ ಕೆಲಸ ಮುಗಿಸೋಕೆ ನಮ್ಮಿಂದ ದುಡ್ಡು ಕೇಳಿದರು, ನಾವು ಒಲ್ಲೆ ಅಂದೆವು. ಕೊನೆಗೆ ಕಮ್ಮಿ ಶಕ್ತಿಯ ಎರಡು ಆರ್ಫಿಯಸ್ ಎಂಜಿನ್ ಹಾಕಿ 147 ವಿಮಾನ ಕಟ್ಟಿದರು. 1971ರ ಯುದ್ಧದಲ್ಲಿ ಪಾಪ ಚೆನ್ನಾಗೇ ದುಡಿಯಿತು. ಅಂದುಕೊಂಡ ವೇಗ ಮಾತ್ರ ಕೊನೆವರೆಗೂ ಸಿಗಲಿಲ್ಲ.

ಆಮೇಲೆ ನಾವು ಮಾಡಿದ ಹಗುರ ಯುದ್ಧವಿಮಾನ ತೇಜಸ್ ಕಥೆ ನಿನಗೆ ಗೊತ್ತೇ ಇದೆ. 1983ರಲ್ಲಿ ಮಂಜೂರು, 2001ರಲ್ಲಿ ಮೊದಲ ಹಾರಾಟ. ನಮ್ಮ ಕಾವೇರಿ ಎಂಜಿನ್ ಅದಕ್ಕೆ ಸಾಲಲಿಲ್ಲ, ಅಮೆರಿಕದ್ದು ಹಾಕಿದೆವು. ಆ ಎಂಜಿನ್ ಬರೋದು ತಡವಾಗಿ ತೇಜಸ್‌ನ ಸುಧಾರಿಸಿದ ಮಾದರಿ ಮಾರ್ಕ್-1ಎ ವಿಮಾನಗಳೂ ತಡವಾದವು. ಎಎಂಸಿಎಗೂ ಮೊದಮೊದಲು ಅಮೆರಿಕದ ಎಫ್-414 ಎಂಜಿನ್ನೇ. ಆಮೇಲಿನದಕ್ಕೆ ಫ್ರಾನ್ಸಿನ ಸಾಫ್ರಾನ್ ಕಂಪನಿ ಜೊತೆ ಸೇರಿ ಹೊಸದು ಮಾಡುವ ಮಾತು ನಡೆದಿದೆ.

ಹಾಗಾಗಿ 15,000 ಕೋಟಿ ಜಾಸ್ತಿ ಅಂತ ಈಗ ಬಯ್ಯಬೇಡ. ಎಂಜಿನ್ನಿಗೆ ದುಡ್ಡು ಕೊಡುವಾಗ ಮತ್ತೆ ಕೈ ಬಿಗಿ ಹಿಡಿದರೆ ಆಗ ಬಯ್ಯಿ, ನಾನೂ ದನಿ ಸೇರಿಸುತ್ತೇನೆ.

ಯುಗಾದಿಗೆ ಇಲ್ಲಿಗೆ ಬಂದುಬಿಡು, ಮರುತ್ ತೋರಿಸುತ್ತೇನೆ. ಮಗಳಂತೂ ಈಗ ಯಾವ ವಿಮಾನ ಕಂಡರೂ ಮೊದಲು ಹಿಂದೆ ಹೋಗಿ ನೋಡುತ್ತಾಳೆ.

ನಿನ್ನ,
ರಘು