ಕೈತಪ್ಪಿದ ಹದಿನಾಲ್ಕು ಫ್ರೀ ಥ್ರೋ: ಮಗಳಿಗೊಂದು ಪತ್ರ

ಶಿವಮೊಗ್ಗ
ಭಾನುವಾರ ರಾತ್ರಿ

ಪ್ರೀತಿಯ ಪುಟ್ಟಿಗೆ ಅಮ್ಮನ ಆಶೀರ್ವಾದ.

ನೀನು ಫೋನಿಟ್ಟ ಮೇಲೆ ನಿದ್ದೆ ಹತ್ತಲಿಲ್ಲ. ನಿನ್ನೆಯ ಆಟದಲ್ಲಿ ಯಾರದೋ ತಂದೆ ಎದ್ದು ನಿಂತು "ಆ ಕಡೆಯವರು ನಿನಗೆಷ್ಟು ಕೊಟ್ಟರು?" ಎಂದು ಕೂಗಿದನಂತೆ. ಹನ್ನೆರಡು ವರ್ಷದ ಮಕ್ಕಳ ಬ್ಯಾಸ್ಕೆಟ್‌ಬಾಲ್ ಆಟ. ರೆಫರಿಯಾಗಿ ನಿನಗೆ ಸಿಗುವುದು ಎರಡು ಹೊತ್ತಿನ ಊಟದ ದುಡ್ಡು. ನಗುನಗುತ್ತಲೇ ಹೇಳಿದೆ ನೀನು, ಆದರೆ ಕೊನೆಕೊನೆಗೆ ದನಿ ಸಣ್ಣಗಾಯಿತು. ನಾನು "ಬಿಡು, ಅಂಥವರು ಎಲ್ಲ ಕಡೆ ಇರ್ತಾರೆ" ಅಂದುಬಿಟ್ಟೆ. ಅದು ಉತ್ತರವೇ ಅಲ್ಲ. ಒಂದು ಕಾಲಕ್ಕೆ ನಾನೂ ಹಾಗೆ ಕೂಗಿದವಳು. ಅದನ್ನು ನಿನಗೆ ಯಾವತ್ತೂ ಹೇಳಿಲ್ಲ.

ನಮ್ಮ ಅಡುಗೆಮನೆ ಬಾಗಿಲಿಗೆ ಕಟ್ಟಿರುವ ಗಂಟೆ ತೀರ್ಥಹಳ್ಳಿ ಅಜ್ಜನ ಮನೆಯ ಕೊಟ್ಟಿಗೆಯದು ಎಂದು ನೀನು ನಂಬಿದ್ದೆ. ನಾನೂ ತಿದ್ದಲಿಲ್ಲ. ಅದು ಅಮೆರಿಕದ ಸ್ಯಾಕ್ರಮೆಂಟೊದ್ದು.

2001ರಲ್ಲಿ ಮದುವೆಯಾಗಿ ಆ ಊರಿನ ಹತ್ತಿರದ ಫಾಲ್ಸಮ್‌ಗೆ ಹೋದಾಗ ನನ್ನದು ಎಚ್-4 ವೀಸಾ, ಕೆಲಸಕ್ಕೆ ಹೋಗುವಂತಿರಲಿಲ್ಲ. ನಿನ್ನಪ್ಪ ಬೆಳಿಗ್ಗೆ ಹೊರಟರೆ ಬರುವುದು ಕತ್ತಲಾದ ಮೇಲೆ. ಕಾರು ಓಡಿಸಲೂ ಬರುತ್ತಿರಲಿಲ್ಲ ನನಗೆ. ಪಕ್ಕದ ಮನೆಯಲ್ಲಿ ಒಬ್ಬರೇ ಇದ್ದ ಅಜ್ಜಿ ಒಂದು ಸಂಜೆ ಕರೆದು ಟಿವಿ ಮುಂದೆ ಕೂರಿಸಿದರು. ಸ್ಯಾಕ್ರಮೆಂಟೊ ಕಿಂಗ್ಸ್ ಆಟ. ಆರ್ಕೊ ಅರೀನಾ ತುಂಬ ಜನ ದನದ ಕೊರಳ ಗಂಟೆ ಹಿಡಿದು ಬಾರಿಸುತ್ತಿದ್ದರು. ಲಾಸ್ ಏಂಜಲೀಸ್‌ನ ಲೇಕರ್ಸ್ ತಂಡದ ಕೋಚ್ ಫಿಲ್ ಜಾಕ್ಸನ್ ಆ ಊರನ್ನು ದನದ ಊರು ಎಂದು ಹೀಯಾಳಿಸಿದ್ದರು. ಅವತ್ತಿಂದ ಊರಿನವರು ಗಂಟೆ ತಂದೇ ಆಟಕ್ಕೆ ಬರತೊಡಗಿದರಂತೆ. ಮಲೆನಾಡಿನಿಂದ ಹೋದವಳಿಗೆ ಸಂಜೆ ಹೊತ್ತಿನಲ್ಲಿ ಆ ಸದ್ದು! ದನ ಕೊಟ್ಟಿಗೆಗೆ ಬರುವ ಹೊತ್ತು ನೆನಪಾಗಿ ಕಣ್ಣು ತುಂಬಿತು. ಬ್ಯಾಸ್ಕೆಟ್‌ಬಾಲ್‌ನ ಒಂದು ನಿಯಮವೂ ಗೊತ್ತಿಲ್ಲದೆ ನಾನು ಕಿಂಗ್ಸ್ ಕಡೆಯವಳಾದೆ. ನಿಯಮಗಳನ್ನು ಆಮೇಲೆ ಅಜ್ಜಿ ಕಲಿಸಿದರು.

2002ರ ಮೇ ತಿಂಗಳು. ಫೈನಲ್‌ಗೆ ಹೋಗಲು ಕಿಂಗ್ಸ್‌ಗೂ ಲೇಕರ್ಸ್‌ಗೂ ಏಳು ಆಟಗಳ ಸರಣಿ, ಮೊದಲು ನಾಲ್ಕು ಗೆದ್ದವರು ಮುಂದೆ. ನಾಲ್ಕನೆಯದರಲ್ಲಿ ನಮ್ಮ ವ್ಲಾಡೆ ಡಿವಾಟ್ಸ್ ಹೊರಗೆ ತಟ್ಟಿದ ಚೆಂಡು ಸೀದಾ ಲೇಕರ್ಸ್‌ನ ರಾಬರ್ಟ್ ಹೋರಿಯ ಕೈಗೆ ಹೋಗಿ, ಸಮಯ ಮುಗಿಯುವ ಗಳಿಗೆಯಲ್ಲಿ ಅವನು ಎಸೆದ ಮೂರು ಪಾಯಿಂಟಿನಿಂದ ನಾವು 100-99ಕ್ಕೆ ಸೋತೆವು. ಐದನೆಯದರಲ್ಲಿ ನಮ್ಮ ಮೈಕ್ ಬಿಬಿ ಗೆಲ್ಲಿಸಿಕೊಟ್ಟ. ಇನ್ನೊಂದು ಗೆದ್ದರೆ ಸಾಕಿತ್ತು. ಮೇ 31, ಆರನೇ ಆಟ, ಲಾಸ್ ಏಂಜಲೀಸ್‌ನಲ್ಲಿ.

ಆ ಆಟದ ಕೊನೆಯ ಕ್ವಾರ್ಟರ್ ಒಂದರಲ್ಲೇ ಲೇಕರ್ಸ್‌ಗೆ, ನಮ್ಮವರ ಫೌಲಿಗೆ ಪ್ರತಿಯಾಗಿ, 27 ಫ್ರೀ ಥ್ರೋ ಸಿಕ್ಕವು. ಅದಕ್ಕೆ ಮೊದಲಿನ ಮೂರೂ ಕ್ವಾರ್ಟರ್ ಸೇರಿಸಿದರೂ ಅದರ ಅರ್ಧದಷ್ಟಿರಲಿಲ್ಲ. ಸೀಟಿಯ ಮೇಲೆ ಸೀಟಿ. ಡಿವಾಟ್ಸ್ ಆರು ಫೌಲಾಗಿ ಹೊರಗೆ ಹೋದ. ಸ್ಕಾಟ್ ಪೊಲ್ಲಾರ್ಡ್ ಕೂಡ. ಕೊನೆಯ ಸೆಕೆಂಡುಗಳಲ್ಲಿ ಲೇಕರ್ಸ್‌ನ ಕೋಬಿ ಬ್ರಯಂಟ್‌ನ ಮೊಣಕೈ ತಾಗಿ ಬಿಬಿಯ ಮೂಗಿನಲ್ಲಿ ರಕ್ತ ಬಂತು, ಆಗ ಮಾತ್ರ ಸೀಟಿ ಇಲ್ಲ. 106-102. ಸೋತೆವು. ನಾನು ಸೋಫಾದಿಂದ ಎದ್ದು "ದುಡ್ಡು ತಿಂದಿದಾರೆ, ಕಳ್ಳರು" ಎಂದು ಕೂಗಿದೆ, ಕನ್ನಡದಲ್ಲೇ. ಅಜ್ಜಿಗೆ ಭಾಷೆ ತಿಳಿಯದಿದ್ದರೂ ಮಾತು ತಿಳಿಯಿತು. ನನ್ನ ಕೈ ಹಿಡಿದು ಕೂರಿಸಿ, "ಕಣ್ಣಿಗೆ ಕಂಡದ್ದಕ್ಕೆ ಸೀಟಿ ಊದ್ತಾರೆ ಮಗಳೇ. ಒಮ್ಮೊಮ್ಮೆ ಕಣ್ಣು ತಪ್ಪುತ್ತೆ" ಅಂದರು. ಗ್ರಾಹಕರ ಹಕ್ಕಿನ ಹೋರಾಟಗಾರ ರಾಲ್ಫ್ ನೇಡರ್ ಅಂಥವರೇ ಆ ಆಟದ ತೀರ್ಪುಗಳನ್ನು ಪರಿಶೀಲಿಸಿ ಎಂದು, ಈ ಆಟಗಳನ್ನು ನಡೆಸುವ ಎನ್‌ಬಿಎ ಲೀಗಿನ ಕಮಿಷನರ್ ಡೇವಿಡ್ ಸ್ಟರ್ನ್‌ಗೆ ಪತ್ರ ಬರೆದಿದ್ದರು. ಅಜ್ಜಿ ಮಾತ್ರ ತಮ್ಮ ಮಾತು ಬದಲಿಸಲಿಲ್ಲ.

ಏಳನೇ ಆಟ ನಮ್ಮೂರಲ್ಲೇ ನಡೆಯಿತು. ಹೆಚ್ಚುವರಿ ಸಮಯಕ್ಕೆ ಹೋಗಿ 112-106ಕ್ಕೆ ಸೋತೆವು. ಅವತ್ತು ನಮ್ಮವರಿಗೆ 30 ಫ್ರೀ ಥ್ರೋ ಸಿಕ್ಕಿದ್ದವು, ಬುಟ್ಟಿಗೆ ಬಿದ್ದದ್ದು 16. ಹದಿನಾಲ್ಕು ಕೈತಪ್ಪಿದವು ಪುಟ್ಟಿ! ಎದುರಿಗೆ ಯಾರೂ ಅಡ್ಡ ಇಲ್ಲ, ಯಾರೂ ತಡೆಯುವವರಿಲ್ಲ, ಆದರೂ ಕೈತಪ್ಪಿದವು. ಅಜ್ಜಿಯೂ ನಾನೂ ಸುಮ್ಮನೆ ಕೂತಿದ್ದೆವು. ಆಮೇಲೆ ಅವರು ಸೂಪು ಮಾಡಿದರು, ನಾನು ಅನ್ನ ತಂದೆ. ಆ ಸೋಲು ನನಗೆ ಇವತ್ತಿಗೂ ನೋವು ಕೊಡುತ್ತದೆ, ಆದರೆ ಅದು ನಮ್ಮದೇ ಸೋಲು. ಸತ್ತವರನ್ನು ನೆನೆದ ಹಾಗೆ ಅದನ್ನು ನೆನೆಯಬಹುದು. ಆರನೇ ಆಟವನ್ನು ಹಾಗೆ ನೆನೆಯಲು ಆಗುವುದೇ ಇಲ್ಲ.

ಐದು ವರ್ಷ ಕಳೆಯಿತು. ನಿನಗೆ ಮೂರು ವರ್ಷ. 2007ರ ಜುಲೈ 20ರಂದು ಪತ್ರಿಕೆಯಲ್ಲಿ ಸುದ್ದಿ ಬಂತು: ಎನ್‌ಬಿಎ ರೆಫರಿಯೊಬ್ಬನ ಬಾಜಿ ವ್ಯವಹಾರವನ್ನು ಎಫ್‌ಬಿಐ ತನಿಖೆ ಮಾಡುತ್ತಿದೆ. ಟಿಮ್ ಡೊನಗಿ. ಹದಿಮೂರು ಸೀಸನ್ ಸೀಟಿ ಊದಿದವನು, ರೆಫರಿಗಳ ಮನೆಯಲ್ಲೇ ಹುಟ್ಟಿದವನು. ಅಪ್ಪ ಕಾಲೇಜು ಆಟಗಳ ರೆಫರಿ, ಮಾವ ಎನ್‌ಬಿಎ ರೆಫರಿ. ಸಂಬಳ ವರ್ಷಕ್ಕೆ 2,60,000 ಡಾಲರ್. ಯಾವ ಆಟದಲ್ಲಿ ಯಾವ ತಂಡದ ಮೇಲೆ ದುಡ್ಡು ಕಟ್ಟಬೇಕೆಂದು ಅವನು ಪರಿಚಯದವರಿಗೆ ಫೋನಿನಲ್ಲಿ ಹೇಳುತ್ತಿದ್ದ. ಅದರಲ್ಲಿ ತಾನೇ ರೆಫರಿಯಾಗಿದ್ದ ಆಟಗಳೂ ಇದ್ದವು. ಅವರಲ್ಲೊಬ್ಬನ ಅಣ್ಣತಮ್ಮಂದಿರ ಹೆಸರುಗಳೇ ಗುಟ್ಟಿನ ಮಾತು: ಒಂದು ಹೆಸರಿಗೆ ಊರಿನ ತಂಡ, ಇನ್ನೊಂದಕ್ಕೆ ಹೊರಗಿಂದ ಬಂದ ತಂಡ. ಹೇಳಿದ್ದು ಫಲಿಸಿದರೆ 2,000 ಡಾಲರ್, ಆಮೇಲೆ ಅದು 5,000 ಆಯಿತು. ಅವರಿಂದ ಬಂದದ್ದೆಂದು ಅವನು ಒಪ್ಪಿಕೊಂಡದ್ದು ಒಟ್ಟು 30,000 ಡಾಲರ್, ಒಂದೂವರೆ ತಿಂಗಳ ಸಂಬಳಕ್ಕೂ ಕಡಿಮೆ. ಜೂಜಿನ ಚಟ ಎಂದು ಅವನ ವಕೀಲರು ಹೇಳಿದರು, ಇರಲೂಬಹುದು. ಆಗಸ್ಟ್‌ನಲ್ಲಿ ಬ್ರೂಕ್ಲಿನ್ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡ. ಮರುವರ್ಷ ಜುಲೈನಲ್ಲಿ 15 ತಿಂಗಳ ಜೈಲು ಶಿಕ್ಷೆಯಾಯಿತು.

ಆ ದೇಶದ ಬಾಜಿಯ ಬಗೆ ನಿನಗೆ ಗೊತ್ತಿದೆ. ಯಾರು ಗೆಲ್ಲುತ್ತಾರೆ ಎಂಬುದಕ್ಕಿಂತ ಎಷ್ಟು ಅಂತರದಲ್ಲಿ ಎಂಬುದರ ಮೇಲೆ ಹಣ. ನನ್ನನ್ನು ಹೆದರಿಸಿದ್ದು ಅದೇ. ಸೋಲಿಸುವುದೇ ಬೇಡ. ಮೂರನೇ ಕ್ವಾರ್ಟರ್‌ನಲ್ಲಿ ಎರಡು ಫೌಲ್ ಹೆಚ್ಚು ಕೊಟ್ಟರೆ ಸಾಕು, ಹನ್ನೆರಡರ ಅಂತರ ಎಂಟಕ್ಕೆ ಇಳಿಯುತ್ತದೆ. ಗೆದ್ದ ತಂಡದವರು ಕುಣಿಯುತ್ತಾ ಮನೆಗೆ ಹೋಗುತ್ತಾರೆ, ಮೋಸವಾಗಿದೆ ಎಂದು ಅವರಿಗೂ ತಿಳಿಯುವುದಿಲ್ಲ. ಬೇಕೆಂದೇ ತಪ್ಪು ಸೀಟಿ ಊದಿದ ಎಂದು ಅವನ ಮೇಲೆ ಆರೋಪ ಹೊರಿಸಿರಲಿಲ್ಲ, ಅವನೂ ಅದನ್ನು ಒಪ್ಪಲಿಲ್ಲ. ಆದರೆ ಜೇಬಿನಲ್ಲಿ ಬಾಜಿ ಇಟ್ಟುಕೊಂಡವನ ಕಣ್ಣು ಎಷ್ಟು ನೆಟ್ಟಗಿದ್ದೀತು?

2008ರ ಜೂನ್‌ನಲ್ಲಿ ಅವನ ವಕೀಲರು ನ್ಯಾಯಾಲಯಕ್ಕೆ ಒಂದು ಪತ್ರ ಕೊಟ್ಟರು. 2002ರ ಒಂದು ಸರಣಿಯ ಆರನೇ ಆಟದಲ್ಲಿ, ಸರಣಿ ಏಳಕ್ಕೆ ಬೆಳೆಯಲಿ ಎಂದು ಇಬ್ಬರು ರೆಫರಿಗಳು ಒಂದು ತಂಡದ ಕಡೆ ವಾಲಿದ್ದರು ಎಂದು ಅದರಲ್ಲಿತ್ತು. ತಂಡದ ಹೆಸರಿರಲಿಲ್ಲ. ಸ್ಯಾಕ್ರಮೆಂಟೊದಲ್ಲಿ ಯಾರಿಗೂ ಹೆಸರು ಬೇಕಿರಲಿಲ್ಲ.

ಆ ಸಂಜೆ ಅಜ್ಜಿ ನಮ್ಮ ಬಾಗಿಲಿಗೆ ಬಂದರು. ಕೈಯಲ್ಲಿ ಗಂಟೆ. "ನೀನು ಅವತ್ತು ಹೇಳಿದ್ದೇ ಸರಿಯಿತ್ತೋ ಏನೋ" ಎಂದು ಅದನ್ನು ನನ್ನ ಕೈಗಿಟ್ಟರು. ನನಗೆ ಗೆದ್ದಂತೆ ಅನ್ನಿಸಲಿಲ್ಲ. "ಅವನು ಶಿಕ್ಷೆ ಕಡಿಮೆಯಾಗಲಿ ಅಂತ ಹೇಳ್ತಿದ್ದಾನೆ, ಆ ಆಟದಲ್ಲಿ ಅವನು ಇರಲೇ ಇಲ್ಲ" ಎಂದು ನಾನೇ ವಾದಿಸಿದೆ. ಸ್ಟರ್ನ್ ಕೂಡ ಅದನ್ನು ತಳ್ಳಿಹಾಕಿದ್ದರು. ಅಕ್ಟೋಬರ್‌ನಲ್ಲಿ ವಕೀಲ ಲಾರೆನ್ಸ್ ಪೆಡೊವಿಟ್ಸ್ ಕೊಟ್ಟ ವರದಿಯಲ್ಲೂ ಬೇರೆ ರೆಫರಿಗಳ ಮೇಲಿನ ಆ ಮಾತಿಗೆ ಆಧಾರ ಸಿಗಲಿಲ್ಲ. ಅಜ್ಜಿಗೆ ಅದನ್ನೂ ಓದಿ ಹೇಳಿದೆ. ತಲೆಯಾಡಿಸಿದರು. ಮತ್ತೆ ಅವರು ಆಟ ಹಾಕಿದ್ದನ್ನು ನಾನು ನೋಡಲಿಲ್ಲ. ಮರುವರ್ಷ ನಾವು ಶಿವಮೊಗ್ಗಕ್ಕೆ ಬಂದೆವು.

ಡೊನಗಿಯ ಮೇಲೆ ನನಗಿರುವ ಸಿಟ್ಟು ಇದಕ್ಕೆ. ಆರನೇ ಆಟದ ಆ ಮೂವರು ರೆಫರಿಗಳು ತಮ್ಮ ಕಣ್ಣಿಗೆ ಕಂಡದ್ದಕ್ಕೇ ಸೀಟಿ ಊದಿರಬಹುದು. ಹಾಗಿದ್ದರೆ ಅವರಿಗೆ ಎಂಥ ಅನ್ಯಾಯ! ಅಲ್ಲವೆಂದು ಸಾಬೀತಾಗಿಲ್ಲ, ಹೌದೆಂದು ನಂಬಲೂ ಆಗುತ್ತಿಲ್ಲ. ಪ್ರಾಮಾಣಿಕವಾಗಿ ತಪ್ಪು ಮಾಡುವ ಹಕ್ಕನ್ನೇ ಅವನು ಉಳಿದ ರೆಫರಿಗಳಿಂದ ಕಿತ್ತುಕೊಂಡ. ನಿನ್ನೆ ನಿನ್ನ ಮೇಲೆ ಕೂಗಿದವನ ಬಾಯಲ್ಲಿ ಆ ಮಾತಿಟ್ಟವರಲ್ಲಿ ಅವನೂ ಒಬ್ಬ.

ಆಮೇಲೆ ಲೀಗ್ ಸುಮ್ಮನೆ ಕೂರಲಿಲ್ಲ, ನಿಜ. ಗುಟ್ಟಾಗಿರುತ್ತಿದ್ದ ರೆಫರಿಗಳ ಹೆಸರನ್ನು ಆಟದ ದಿನ ಬೆಳಿಗ್ಗೆಯೇ ಎಲ್ಲರಿಗೂ ಹೇಳತೊಡಗಿದರು. ನಿನ್ನ ನ್ಯೂಜೆರ್ಸಿಯ ಸಿಕಾಕಸ್‌ನಲ್ಲಿ 2014ರಲ್ಲಿ ರಿಪ್ಲೇ ಕೇಂದ್ರ ತೆರೆದರು. 2015ರಿಂದ, ಕೊನೆಯವರೆಗೂ ಬಿಗಿಯಾಗಿದ್ದ ಆಟಗಳ ಕಡೆಯ ಎರಡು ನಿಮಿಷದಲ್ಲಿ ಯಾವ ತೀರ್ಪು ಸರಿ, ಯಾವುದು ತಪ್ಪು ಎಂದು ಮಾರನೇ ದಿನ ತಾವೇ ಪ್ರಕಟಿಸುತ್ತಾರೆ. ಇದು ನನಗೆ ತುಂಬ ಹಿಡಿಸಿತು. ಫಲಿತಾಂಶ ಬದಲಾಗದು, ಆದರೆ "ನಮ್ಮ ಕಣ್ಣು ತಪ್ಪಿತು" ಎಂದು ಒಪ್ಪಿಕೊಂಡರೆ ಸೋತವನಿಗೆ ಅಷ್ಟಾದರೂ ಸಮಾಧಾನ.

ಆದರೆ ಅದೇ ಲೀಗ್ ಈಗ ಬಾಜಿ ಕಂಪನಿಗಳ ಜತೆ ಪಾಲುದಾರ. ನ್ಯೂಜೆರ್ಸಿಯ ಮೇಲ್ಮನವಿಯಲ್ಲೇ 2018ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಆಟದ ಬಾಜಿಯ ಮೇಲಿದ್ದ ಹಳೆಯ ನಿರ್ಬಂಧ ತೆಗೆದುಹಾಕಿತು. ಕಾನೂನಿನ ಕಣ್ಣೆದುರು ನಡೆದರೆ ಕಳ್ಳತನ ಬೇಗ ಸಿಕ್ಕಿಬೀಳುತ್ತದೆ ಎನ್ನುವ ವಾದವನ್ನು ನಾನು ಹಗುರವಾಗಿ ತಳ್ಳುವುದಿಲ್ಲ. 2024ರಲ್ಲಿ ಟೊರಾಂಟೊ ತಂಡದ ಆಟಗಾರ ಜಾಂಟೇ ಪೋರ್ಟರ್ ಹುಷಾರಿಲ್ಲವೆಂದು ಮೂರೇ ನಿಮಿಷಕ್ಕೆ ಅಂಗಳ ಬಿಟ್ಟಾಗ, ಅವನು ಕಡಿಮೆ ಆಡುತ್ತಾನೆಂದು ಕಟ್ಟಿದ ಅಸಹಜ ದುಡ್ಡೇ ಅವನನ್ನು ಹಿಡಿದುಕೊಟ್ಟಿತು. ಲೀಗ್ ಅವನನ್ನು ಜೀವನಪರ್ಯಂತ ಹೊರಗಿಟ್ಟಿತು. ಆದರೂ ನನ್ನ ಮನಸ್ಸು ಒಪ್ಪದು. ಹನ್ನೆರಡು ವರ್ಷದ ಹುಡುಗನ ಫೋನಿನಲ್ಲಿ ಸ್ಕೋರಿನ ಪಕ್ಕದಲ್ಲೇ ಬಾಜಿಯ ದರ ಬರುವಾಗ, ಅವನು ಆಟವನ್ನು ನಮ್ಮ ಅಜ್ಜಿ ನೋಡಿದ ಹಾಗೆ ನೋಡಲು ಹೇಗೆ ಸಾಧ್ಯ?

ನಿನಗೆ ಬುದ್ಧಿ ಹೇಳಲು ಕೂತವಳಲ್ಲ ನಾನು. ಸೀಟಿ ಊದಿದ ಮೇಲೆ ಅನುಮಾನ ಬಂದು, ಮುಂದಿನ ಸಲ ಆ ಕಡೆಯವರಿಗೆ ಸರಿದೂಗಿಸಲೇ ಎಂದು ಒಮ್ಮೆ ಅನ್ನಿಸಿತು ಎಂದೆಯಲ್ಲ, ಹಾಗೆ ಮಾತ್ರ ಮಾಡಬೇಡ. ಒಂದು ತಪ್ಪಾದರೆ ಒಂದೇ ಇರಲಿ.

ಡಿಸೆಂಬರ್‌ನಲ್ಲಿ ಬರುತ್ತೀಯಲ್ಲ, ಒಂದು ರಾತ್ರಿ ನನಗಾಗಿ ಇಟ್ಟುಕೋ. 2002ರ ಆ ಆರನೇ ಆಟ ಯೂಟ್ಯೂಬಿನಲ್ಲಿದೆ ಎಂದು ನಿನ್ನಪ್ಪ ಹೇಳುತ್ತಿದ್ದರು. ಇಷ್ಟು ವರ್ಷ ನಾನು ಅದನ್ನು ತಿರುಗಿ ನೋಡಿಲ್ಲ. ಆ ನಾಲ್ಕನೇ ಕ್ವಾರ್ಟರ್ ಹಾಕೋಣ. ಪ್ರತಿ ಸೀಟಿಗೂ ನಿಲ್ಲಿಸು, ಹಿಂದೆ ಮುಂದೆ ಓಡಿಸಿ ನೋಡು, ಯಾವುದು ಫೌಲ್, ಯಾವುದು ಅಲ್ಲ ಎಂದು ಹೇಳು. ನಾನು ಬಾಯಿ ಬಿಡುವುದಿಲ್ಲ. ನೀನು ಸರಿ ಅಂದದ್ದನ್ನು ಸರಿ ಎಂದೇ ಬರೆದುಕೊಳ್ಳುತ್ತೇನೆ.

ಚಳಿಗೆ ಸ್ವೆಟರ್ ಹಾಕಿಕೋ. ಅಪ್ಪ ಕೇಳಿದ್ದಾರೆ.

ನಿನ್ನ
ಅಮ್ಮ